ಕಿಟಕಿಗೊಮ್ಮೆ, ಗೋಡೆಗೊಮ್ಮೆ

ಬೆಳಗಿನ ಕೆಲಸಗಳಿಗೆ ಅವುಗಳದೇ ಒಂದು ಸರದಿ ಇರುತ್ತದೆ, ನೋಡಿ. ನಮ್ಮ ಮನೆಯಲ್ಲಿ ಮೊದಲು ಹಾಲಿನ ಪ್ಯಾಕೆಟ್ಟಿಗೆ ಸೋಪಿನ ನೀರಿನ ಸ್ನಾನ, ಆಮೇಲೆ ಫಿಲ್ಟರಿಗೆ ಕಾಫಿಪುಡಿ, ಡಿಕಾಕ್ಷನ್ ತೊಟ್ಟಿಕ್ಕುವಷ್ಟರಲ್ಲಿ ಹೊಸ್ತಿಲಿಗೆ ಎರಡೆಳೆ ರಂಗೋಲಿ, ದೇವರ ಮುಂದೆ ದೀಪ, ಹಣೆಗೆ ವಿಭೂತಿ. ಹಾಲಿನ ಪ್ಯಾಕೆಟ್ಟನ್ನು ತೊಳೆಯುವ ಪದ್ಧತಿ ಶುರುವಾದದ್ದು ಎಲ್ಲರೂ ಬಾಯಿ ಮುಚ್ಚಿಕೊಂಡು ಮನೆಯೊಳಗೆ ಕುಳಿತಿದ್ದ ಆ ಕಾಯಿಲೆಯ ವರ್ಷದಲ್ಲಿ. ಕಾಯಿಲೆ ಹೋಯಿತು, ಬಾಯಿಯ ಬಟ್ಟೆಯೂ ಹೋಯಿತು. ಪ್ಯಾಕೆಟ್ಟಿನ ಸ್ನಾನ ಮಾತ್ರ ನಿಂತಿಲ್ಲ. ಏಕೆ ತೊಳೆಯುತ್ತೀ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಕೈ ತೊಳೆಯುತ್ತದೆ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ, ಅಷ್ಟೆ.

ಆ ಬುಧವಾರ ಬೆಳಿಗ್ಗೆಯೂ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿತ್ತು. ಬಾಕ್ಸಿಗೆ ಮೆತ್ತಗಿನ ಅನ್ನ ಮತ್ತು ಬೇಳೆಯ ಕಟ್ಟು, ಫ್ಲಾಸ್ಕಿಗೆ ಕಾಫಿ, ಒಗೆದು ಮಡಚಿದ ಎರಡು ಮೆತ್ತನೆಯ ಹಳೆಯ ಸೀರೆ, ಇವೆಲ್ಲವನ್ನೂ ಆಸ್ಪತ್ರೆಯ ಚೀಲಕ್ಕೆ ತುಂಬಿದ ಕೈ, ಕೊನೆಗೆ ಕನ್ನಡಿಯ ಕೆಳಗಿನ ಗೂಡಿನಿಂದ ಪೌಡರ್ ಡಬ್ಬಿಯನ್ನೂ ಅದರ ಹಿಂದೆ ಅವಿತಿದ್ದ ಸ್ಪಿರಿಟ್ಟಿನ ಚಿಕ್ಕ ಬಾಟಲಿಯನ್ನೂ ಎತ್ತಿಕೊಂಡು ಸೀರೆಗಳ ಮಡಿಕೆಯೊಳಗೆ ಸೇರಿಸಿತು. ಮಡಿಕೆಯೊಳಗೇ ಏಕೆ, ಮೇಲೆಯೇ ಇಡಬಹುದಿತ್ತಲ್ಲ ಎಂದು ನೀವು ಕೇಳಿದರೆ, ಅದಕ್ಕೆ ಮಾತ್ರ ನನ್ನ ಬಳಿ ಉತ್ತರವಿತ್ತು. ಅದು ಕದ್ದು ಒಯ್ಯುವ ಸಾಮಾನು.

ಸಂಗತಿ ಇಷ್ಟೆ. ನಮ್ಮ ಅತ್ತೆ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಕಾಡುಗೋಡಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ಮಲಗಿ ಒಂಬತ್ತು ದಿನಗಳಾಗಿದ್ದವು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನವೇ ಎಬ್ಬಿಸಿ ನಿಲ್ಲಿಸುತ್ತೇವೆ ಎಂದಿದ್ದರು. ಅಷ್ಟರಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ನಿಲ್ಲಿಸುವ ಮಾತು ಮುಂದೆ ಹೋಯಿತು. ರಾತ್ರಿಗೆ ನಮ್ಮ ಯಜಮಾನರು, ಹಗಲಿಗೆ ನಾನು. ಹೂಡಿಯಲ್ಲಿ ಮೆಟ್ರೊ ಹತ್ತಿದರೆ ಕುಳಿತು ಸೆರಗು ಸರಿಮಾಡಿಕೊಳ್ಳುವುದರೊಳಗೆ ಇಳಿಯುವ ನಿಲ್ದಾಣ ಬಂದುಬಿಡುತ್ತದೆ.

ಅಂದು ಗೇಟಿನ ಬಳಿ ಎದುರುಮನೆಯ ಜಯಮ್ಮ ಸಿಕ್ಕಿದರು. ಈ ಟೆಕ್ ಪಾರ್ಕುಗಳೆಲ್ಲ ರಾಗಿ ಹೊಲಗಳಾಗಿದ್ದಾಗಿನಿಂದ ಇಲ್ಲೇ ಇರುವವರು ಅವರು. ಸುತ್ತ ಆರಂತಸ್ತು, ಎಂಟಂತಸ್ತು ಎದ್ದರೂ ತಮ್ಮ ಮನೆಯ ಹಿಂದೆ ಶೀಟು ಹೊದೆಸಿದ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾರೆ. ಹುಲ್ಲಿನ ಹೊರೆಯನ್ನು ಕೆಳಗಿಟ್ಟು ನನ್ನ ಚೀಲದ ಕಡೆ ಮೂಗು ಚಾಚಿ, "ಏನ್ ಸುಧಮ್ಮ, ದಿನಾ ಪೌಡರ್ ವಾಸ್ನೆ ಒಡೀತದೆ. ಆಸ್ಪತ್ರೆಗೋಯ್ತೀಯೋ ಮದ್ವೆಗೋಯ್ತೀಯೋ?" ಎಂದರು. ಜಯಮ್ಮನವರ ಮೂಗಿನ ಮುಂದೆ ಸೀರೆಯ ಮಡಿಕೆ ಯಾವ ಲೆಕ್ಕ? ನಕ್ಕು ಮುಂದೆ ನಡೆದೆ.

ಈ ಪೌಡರಿನ ಹಿಂದೆ ನನ್ನ ದೊಡ್ಡಮ್ಮ ಇದ್ದಾಳೆ. ಅವಳ ಪರಿಚಯ ಮಾಡಿಸದೆ ಮುಂದೆ ಹೋದರೆ ನಿಮಗೆ ನನ್ನ ಕಳ್ಳತನ ಬರಿಯ ಕಳ್ಳತನವಾಗಿ ಕಂಡೀತು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಚಿತ್ರದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳಿಗೆ ಮಕ್ಕಳಿರಲಿಲ್ಲ. ನಮ್ಮ ಹಳ್ಳಿಯಲ್ಲಿ ಒಳ್ಳೆಯ ಶಾಲೆ ಇರಲಿಲ್ಲ. ಎರಡು ಇಲ್ಲಗಳು ಸೇರಿ ಒಂದು ಇದೆಯಾಗಿ, ನಾನು ಐದನೆಯ ಇಯತ್ತೆಯಿಂದ ಹತ್ತರವರೆಗೆ ಅವಳ ಕ್ವಾರ್ಟರ್ಸಿನಲ್ಲಿದ್ದು ಕಾನ್ವೆಂಟಿಗೆ ಹೋದೆ. ಶಾಲೆ ಬಿಟ್ಟೊಡನೆ ಮನೆಗೆ ಹೋಗುವಂತಿರಲಿಲ್ಲ, ಏಕೆಂದರೆ ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿರುತ್ತಿತ್ತು. ಹಾಗಾಗಿ ನನ್ನ ಸಂಜೆಗಳು ಹೆಂಗಸರ ವಾರ್ಡಿನ ಮೂಲೆಯ ಒಂದು ಕಬ್ಬಿಣದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಕಾಪಿ ಪುಸ್ತಕವನ್ನಿಟ್ಟುಕೊಂಡು ಕಳೆದವು.

ನಾಲ್ಕು ಗಂಟೆಗೆ ದೊಡ್ಡಮ್ಮ ಟ್ರೇ ಹಿಡಿದು ಹೊರಡುತ್ತಿದ್ದಳು. ಟ್ರೇಯಲ್ಲಿ ಒಂದು ಬಟ್ಟಲು ಬಿಸಿನೀರು, ಟವೆಲು, ಸ್ಪಿರಿಟ್ಟಿನ ಬಾಟಲಿ, ಪೌಡರ್ ಡಬ್ಬಿ. ಏಳಲಾರದವರ ಮಂಚದ ಬಳಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನನ್ನು ಒರೆಸಿ, ಅಂಗೈಗೆ ಸ್ಪಿರಿಟ್ ಹನಿಸಿಕೊಂಡು ಸೊಂಟದ ಬುಡದಿಂದ ಹೆಗಲಿನವರೆಗೆ ದೊಡ್ಡ ದೊಡ್ಡ ಸುತ್ತುಗಳಲ್ಲಿ ತಿಕ್ಕುತ್ತಿದ್ದಳು. ಆಮೇಲೆ ಪೌಡರು. ಆ ತಣ್ಣನೆಯ ಘಾಟು, ಅದರ ಬೆನ್ನಿಗೇ ಬರುವ ಹೂವಿನ ಘಮ, ಎರಡೂ ಬೆರೆತರೆ ನನಗೆ ಇವತ್ತಿಗೂ ಬಾಲ್ಯದ ಸಂಜೆ ನಾಲ್ಕು ಗಂಟೆಯಾಗುತ್ತದೆ. ಹೊಳಲ್ಕೆರೆ ಕಡೆಯ ಒಬ್ಬ ಮುದುಕಿ ಪ್ರತಿ ಸಲ ಕಣ್ಣು ಮುಚ್ಚಿ, "ತವರಿಗೋಗಿ ಬಂದಂಗಾತವ್ವಾ" ಎನ್ನುತ್ತಿದ್ದಳು. ದೊಡ್ಡಮ್ಮ ಅದಕ್ಕೆ ಬೀಗುತ್ತಿರಲಿಲ್ಲ. "ಈಗ ಒಂದೀಟು ಹೊತ್ತು ಕಿಟಕಿ ನೋಡು. ಆಮೇಲೆ ಬರ್ತೀನಿ, ಗೋಡೆ ನೋಡುವಿಯಂತೆ" ಎಂದು ಬೆನ್ನಿಗೊಂದು ದಿಂಬು ಒತ್ತಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಸ್ಟೂಲಿನ ಮೇಲಿದ್ದ ಹುಡುಗಿಗೆ ಆ ಕೈಯ ಸುತ್ತುಗಳು ಬಾಯಿಪಾಠವಾದವು, ಪೌಡರಿನ ಘಮ ಮೂಗಿಗೆ ಪಾಠವಾಯಿತು. ಕಿಟಕಿ ಮತ್ತು ಗೋಡೆಯ ಮಾತು ಮುದುಕಿಯರನ್ನು ರಮಿಸುವ ಮಾತೆಂದುಕೊಂಡು ಬಿಟ್ಟುಬಿಟ್ಟಳು.

ಅತ್ತೆಯ ವಾರ್ಡಿನಲ್ಲಿ ಹಗಲು ಪಾಳಿಗೆ ಬರುತ್ತಿದ್ದ ನರ್ಸ್ ರೇಣುಕಾ. ಚಂದಾಪುರದ ಹುಡುಗಿ, ತಂದೆ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವವರು. ದಿನಾ ಅಷ್ಟು ದೂರ ಓಡಾಡಲಾಗದೆ ಕಾಡುಗೋಡಿಯಲ್ಲಿ ಇಬ್ಬರು ಗೆಳತಿಯರೊಂದಿಗೆ ಕೋಣೆ ಮಾಡಿಕೊಂಡಿದ್ದಾಳೆ. ಬಿಳಿ ಸೀರೆಯಿಲ್ಲ, ಟೋಪಿಯಿಲ್ಲ. ಮಾಸಲು ನೀಲಿಯ ಪ್ಯಾಂಟು ಶರಟು, ಸದ್ದಿಲ್ಲದ ಬೂಟು. ಎರಡನೆಯ ದಿನ ಅವಳು ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಕೆಳತುದಿಯಲ್ಲಿ, ಬಾಲಮೂಳೆಯ ಮೇಲೆ, ಎರಡು ರೂಪಾಯಿ ನಾಣ್ಯದಗಲ ಕೆಂಪಾಗಿದ್ದ ಜಾಗಕ್ಕೆ ಬೆರಳನ್ನೊತ್ತಿ ಮನಸ್ಸಿನಲ್ಲೇ ಮೂರು ಎಣಿಸಿ ತೆಗೆದಳು. ಬೆರಳಿನ ಗುರುತು ಒಂದು ಕ್ಷಣ ಬಿಳಿಚಿ, ಮತ್ತೆ ನಿಧಾನ ಕೆಂಪಾಯಿತು.

"ನೋಡಿ ಆಂಟಿ, ಬೆಳ್ಳಗಾಗಿ ವಾಪಸ್ ಬಂತಲ್ಲ, ಇನ್ನೂ ಭಯ ಇಲ್ಲ. ಒತ್ತಿದ್ರೂ ಬೆಳ್ಳಗಾಗ್ಲಿಲ್ಲ ಅಂದ್ರೆ ಆಗ ಯೋಚ್ನೆ" ಎಂದಳು.

ಬೆನ್ನು ತಿಕ್ಕುವುದಕ್ಕೆ ಸ್ಪಿರಿಟ್ ತರುತ್ತೀಯಾ ಎಂದು ಕೇಳಿದೆ. ಅವಳು ಅತ್ತೆಯ ಬೆನ್ನಿಗೆ ದಿಂಬು ಕೊಡುತ್ತಲೇ ತಲೆಯಲ್ಲಾಡಿಸಿದಳು. "ಅದೆಲ್ಲ ಬಿಟ್ಬಿಟ್ವಿ ಆಂಟಿ. ಸ್ಪಿರಿಟ್ ಚರ್ಮನ ಒಣಗಿಸತ್ತೆ. ಕೆಂಪಾಗಿರೋ ಜಾಗ ಅಂದ್ರೆ ಒಳಗೆ ಆಗ್ಲೇ ನೊಂದಿದೆ, ಅದನ್ನ ತಿಕ್ಕಿದ್ರೆ ಇನ್ನೂ ನೋಯತ್ತೆ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸ್ಬೇಕು, ಭಾರ ಒಂದೇ ಕಡೆ ಕೂರಬಾರ್ದು, ಅಷ್ಟೆ." ಮಂಚದ ಕಾಲಿನ ಕಡೆ ತೂಗುಹಾಕಿದ್ದ ಹಾಳೆಯನ್ನು ತೋರಿಸಿದಳು. ಎಡ, ಅಂಗಾತ, ಬಲ. ಪ್ರತಿಯೊಂದರ ಮುಂದೆ ಗಂಟೆ, ಗಂಟೆಯ ಮುಂದೆ ಸಹಿ.

ಹೂಂ ಎಂದೆ. ಬಾಯಿ ಹೂಂ ಎಂದಿತು, ನಿಜವಾಗಿ. ಆದರೆ ಒಳಗೆ ಒಬ್ಬಳು ಸ್ಟೂಲಿನ ಮೇಲಿಂದ ಎದ್ದು ನಿಂತಿದ್ದಳು. ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ನಾನಿದನ್ನು ಬಲ್ಲೆ ಮಗಳೇ, ಮುವ್ವತ್ತು ವರ್ಷ ನನ್ನ ದೊಡ್ಡಮ್ಮ ತಿಕ್ಕಿದ್ದು ತಪ್ಪೇ, ಎಂದು ಅವಳು ಜಗಳಕ್ಕೆ ನಿಂತಿದ್ದಳು. ಪ್ರೀತಿಯಿಂದ ಕಲಿತದ್ದನ್ನು ತಪ್ಪು ಎಂದರೆ ಪ್ರೀತಿಯನ್ನೇ ತಪ್ಪು ಎಂದ ಹಾಗೆ ಕೇಳಿಸುತ್ತದಲ್ಲವೇ? ಅಡುಗೆಯಲ್ಲೂ ಹೀಗೇ. ಸಾರಿಗೆ ಇಂಗು ಕೊನೆಯಲ್ಲಿ ಹಾಕು ಎಂದರೆ ಅದು ಇಂಗಿನ ಮಾತಲ್ಲ, ತಾಯಿಯ ಮೇಲಿನ ಟೀಕೆ.

ಮುಂದಿನ ವಾರ, ಭಾನುವಾರದಿಂದ ಮೊದಲುಗೊಂಡು ಮೂರು ಮಧ್ಯಾಹ್ನ, ರೇಣುಕಾ ಊಟಕ್ಕೆ ಹೋದೊಡನೆ ನಾನು ಪರದೆ ಎಳೆದೆ. ಅತ್ತೆಯನ್ನು ಮಗ್ಗುಲಿಗೆ ಮಾಡಿ, ಕೈಗೆ ಸ್ಪಿರಿಟ್ ಹನಿಸಿಕೊಂಡು, ದೊಡ್ಡಮ್ಮನ ಸುತ್ತುಗಳನ್ನೇ ಸುತ್ತಿದೆ. ಅತ್ತೆಗೂ ಹಿತವಾಗಿತ್ತು. "ಅಲ್ಲೇ, ಸ್ವಲ್ಪ ಗಟ್ಟಿಯಾಗಿ ತಿಕ್ಕು" ಎಂದರು. ಗಟ್ಟಿಯಾಗಿಯೇ ತಿಕ್ಕಿದೆ. ಮುಗಿಸಿ ಮತ್ತೆ ಅಂಗಾತ ಮಲಗಿಸಿ, ಸೆರಗಿನಿಂದ ಗಾಳಿ ಬೀಸಿ ವಾಸನೆಯನ್ನು ಓಡಿಸಿ, ಏನೂ ಆಗದವಳಂತೆ ಕಿತ್ತಳೆ ಸುಲಿಯುತ್ತ ಕುಳಿತೆ. ಆ ಮೂರು ದಿನ ನಾನು ಎಷ್ಟು ಸುಖವಾಗಿದ್ದೆ ಎಂದರೆ, ಅಂಗೈಯನ್ನು ಮೂಸಿಕೊಂಡರೆ ಸಾಕು, ದೊಡ್ಡಮ್ಮ ಪಕ್ಕದ ಮಂಚದ ಬಳಿ ನಿಂತಿರುತ್ತಿದ್ದಳು.

ಚೀಲ ಹೊತ್ತು ಹೋದ ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ರೇಣುಕಾ ಮೈ ಒರೆಸಲು ಬಂದಳು. ಹೊರಳಿಸಿದವಳು ಬಗ್ಗಿ ನೋಡಿದಳು. ಬೆರಳನ್ನೊತ್ತುವ ಅಗತ್ಯವೇ ಇರಲಿಲ್ಲ. ಕೆಂಪಿನ ನಡುವೆ ಚರ್ಮ ಉಜ್ಜಿ ಸುಲಿದು, ಹಸಿಯಾದ ಒಂದು ಚಿಕ್ಕ ಬಾಯಿ ತೆರೆದಿತ್ತು. ಅವಳು ಯಾರನ್ನೂ ಬೈಯಲಿಲ್ಲ. ಉಪ್ಪುನೀರಿನಿಂದ ತೊಳೆದು, ಮೆತ್ತನೆಯದೊಂದು ಪಟ್ಟಿ ಹಚ್ಚಿ, ವಾರ್ಡಿನ ಇನ್‌ಚಾರ್ಜ್ ಸಿಸ್ಟರನ್ನು ಕರೆದುತಂದಳು. ಆಕೆ ಐವತ್ತು ದಾಟಿದ, ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತನಾಡುವ ಗಂಭೀರ ಹೆಂಗಸು. ಮಂಚದ ಕಾಲಿನ ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ಎಲ್ಲಾ ಹೊತ್ತಿಗೂ ತಿರುಗಿಸಿದೀರಲ್ಲ ರೇಣುಕಾ. ಸಹಿ ಆಮೇಲೆ ಕೂತು ಮಾಡಿದ್ದಾ?" ಎಂದರು.

"ಇಲ್ಲ ಸಿಸ್ಟರ್. ಆಗಿಂದಾಗ್ಲೇ ಮಾಡಿದ್ದು." ಹುಡುಗಿಯ ಕಿವಿ ಕೆಂಪಾಗಿತ್ತು.

ನನ್ನ ಚೀಲ ಮಂಚದ ಕೆಳಗಿತ್ತು. ಚೀಲದೊಳಗೆ ಸೀರೆ, ಸೀರೆಯೊಳಗೆ ಡಬ್ಬಿ. ನಾನು ಮಾತಾಡಲಿಲ್ಲ. ಕಾನ್ವೆಂಟಿನಲ್ಲಿ ಹೀಗೆ ಒಮ್ಮೆ ಆಗಿತ್ತು. ತರಗತಿಯ ಮಸಿಕುಡಿಕೆ ಒಡೆದು ಭೂಪಟದ ಮೇಲೆ ಚೆಲ್ಲಿದಾಗ ಟೀಚರ್ ಸಿಸ್ಟರ್ ಬಾಗಿಲಲ್ಲಿ ನಿಂತು, ಯಾರು ಮಾಡಿದ್ದು, ಅವರು ಎದ್ದು ನಿಲ್ಲಿ, ಎಂದಿದ್ದರು. ಮೊಣಕೈ ತಾಗಿಸಿದ್ದ ನಾನು ಬೆಂಚಿಗೆ ಅಂಟಿಕೊಂಡು ಕುಳಿತೆ. ನಲವತ್ತು ಹುಡುಗಿಯರೂ ಊಟದ ಗಂಟೆಯವರೆಗೆ ಕೈಕಟ್ಟಿ ನಿಂತರು. ನಾನೂ ನಿಂತೆ, ನಿರಪರಾಧಿಗಳ ನಡುವೆ ನಿರಪರಾಧಿಯಂತೆ. ಆ ದಿನ ಕಲಿತದ್ದು ಇಂಡಿಯಾದ ಭೂಪಟವನ್ನಲ್ಲ, ಸುಮ್ಮನಿದ್ದರೆ ಹೊತ್ತು ಹೋಗುತ್ತದೆ ಎಂಬುದನ್ನು.

ಹೊತ್ತು ಹೋಗುತ್ತಲೂ ಇತ್ತು. ಆದರೆ ಬುಧವಾರ ಆ ವಾರ್ಡಿನಲ್ಲಿ ಒಂದು ವಾಡಿಕೆ ಉಂಟು. ಮಧ್ಯಾಹ್ನದ ಟೀಯ ಹೊತ್ತಿಗೆ ನರ್ಸುಗಳು ತಮ್ಮ ಮೇಜಿನ ಸುತ್ತ ಕಾಲು ಗಂಟೆ ಕೂಡುತ್ತಾರೆ. ರಟ್ಟಿನ ಹೊದಿಕೆಯ ಒಂದು ಉದ್ದ ಪುಸ್ತಕವನ್ನು ತೆರೆಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು 'ಯಾಕೆ ಪುಸ್ತಕ'. ವಾರಕ್ಕೊಬ್ಬಳು ಒಂದು ಯಾಕೆಯನ್ನು ತರಬೇಕು. ಆಪರೇಷನ್ನಿಗೆ ಮುಂಚೆ ರೇಜರಿನಿಂದ ಕೂದಲು ಬೋಳಿಸುತ್ತಿದ್ದೆವಲ್ಲ, ಯಾಕೆ? ಗಾಯದ ಪಟ್ಟಿಯನ್ನು ದಿನಾ ಬಿಚ್ಚುತ್ತೇವಲ್ಲ, ಯಾಕೆ? ಉತ್ತರವನ್ನು ಯಾರೋ ಹಿರಿಯರು ಹೇಳಿದರು ಎಂದು ಬರೆಯುವಂತಿಲ್ಲ. ಓದಬೇಕು, ಎಲ್ಲಿ ಎಷ್ಟು ಜನ ರೋಗಿಗಳಲ್ಲಿ ನೋಡಿ ಹೇಳಿದ್ದಾರೆಂದು ಹುಡುಕಬೇಕು, ತಮ್ಮ ವಾರ್ಡಿನಲ್ಲಿ ಏನಾಯಿತೆಂದು ಬರೆದಿಡಬೇಕು. ಪುಸ್ತಕ ರೇಣುಕಾಳದೇ ಸಲಹೆಯಂತೆ. ಅವಳಿಗೆ ಅದು ಬಂದದ್ದು ಅಪ್ಪನಿಂದ. ಅವರ ಕಾರ್ಖಾನೆಯಲ್ಲಿ ಒಂದು ಬಿಡಿಭಾಗ ಕೆಟ್ಟು ಬಂದರೆ ಯಾರು ಕೆಡಿಸಿದ್ದು ಎಂದು ಮೊದಲು ಕೇಳುವುದಿಲ್ಲವಂತೆ, ಯಾಕೆ ಕೆಟ್ಟಿತು ಎಂದು ಕೇಳಿ ಬೋರ್ಡಿನ ಮೇಲೆ ಬರೆಯುತ್ತಾರಂತೆ. ಇದನ್ನೆಲ್ಲ ಅವಳೇ ಅತ್ತೆಗೆ ಗಂಜಿ ಕುಡಿಸುವಾಗ ಹೇಳಿದ್ದಳು.

ಅವರ ಮೇಜು ನಮ್ಮ ಮಂಚದಿಂದ ಹತ್ತು ಹೆಜ್ಜೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ರೇಣುಕಾ ಬರೆದದ್ದನ್ನು ಓದುತ್ತಿದ್ದಳು. "ಎಪ್ಪತ್ತೆಂಟು ವರ್ಷದ ಅಜ್ಜಿ. ಗಾಳಿ ಹಾಸಿಗೆ ಇತ್ತು. ಎರಡೆರಡು ಗಂಟೆಗೆ ತಿರುಗಿಸಿದೀವಿ. ಆದ್ರೂ ಚರ್ಮ ಬಿಡ್ತು. ಬಹುಶಃ ಎರಡು ಗಂಟೆ ಸಾಲಲ್ಲ. ಗಂಟೆಗೊಂದು ಸಲ ಮಾಡ್ಬೇಕೇನೋ." ಮತ್ತೊಬ್ಬಳು, "ಗಂಟೆಗೊಂದ್ಸಲಾನಾ? ಇರೋದು ನಾಕು ಜನ ಕಣೇ. ರೋಗಿಗಳು ನಿದ್ದೆ ಮಾಡೋದು ಯಾವಾಗ, ನಾವು ಬಾಕಿ ಕೆಲಸ ಮಾಡೋದು ಯಾವಾಗ?" ಎಂದಳು. ಇನ್‌ಚಾರ್ಜ್ ಸಿಸ್ಟರ್ ಕನ್ನಡಕವನ್ನು ಕೆಳಗಿಳಿಸಿ, "ಒಂದು ತಿಂಗಳು ಮಾಡಿ ನೋಡೋಣ. ಬರ್ಕೋ" ಎಂದರು.

ಗಾಯವಾದದ್ದು ಒಂದು ತಪ್ಪು, ಅದು ವಾಸಿಯಾದೀತು. ಈಗ ಆ ಪುಸ್ತಕದಲ್ಲಿ ನನ್ನ ಸುಳ್ಳು ಮತ್ತೊಬ್ಬಳ ಅಕ್ಷರದಲ್ಲಿ ನಿಜವಾಗಿ ಇಳಿಯುತ್ತಿತ್ತು. ನಾಳೆ ಯಾವುದೋ ಮಂಚದ ಮೇಲಿನ ಯಾವುದೋ ಮುದುಕಿಯನ್ನು, ಆಗತಾನೆ ಹತ್ತಿದ ನಿದ್ದೆಯಿಂದ ಗಂಟೆಗೊಮ್ಮೆ ಎಬ್ಬಿಸುತ್ತಾರೆ. ಯಾಕೆ ಎಂದು ಕೇಳಿದರೆ ಪುಸ್ತಕದ ಈ ಪುಟವನ್ನು ತೋರಿಸುತ್ತಾರೆ. ಆ ಪುಟದ ಅಡಿಯಲ್ಲಿ ನನ್ನ ಪೌಡರ್ ಡಬ್ಬಿ ಇರುವುದು ಯಾರಿಗೂ ತಿಳಿಯುವುದಿಲ್ಲ. ಈ ಹುಡುಗಿಯರು ಕಣ್ಣಾರೆ ಕಂಡದ್ದನ್ನೇ ಆಧಾರವೆಂದು ನಂಬುವವರು. ಕಾಣಬೇಕಾದದ್ದನ್ನು ನಾನು ಪರದೆ ಎಳೆದು ಮುಚ್ಚಿದ್ದೆ. ಮಾಡಿದ ಕೆಲಸಕ್ಕೆ ಸಹಿ ಹಾಕಿದವಳು ಅನುಮಾನಕ್ಕೆ ಗುರಿಯಾದಳು, ಸಹಿಯಿಲ್ಲದೆ ಮಾಡಿದವಳು ಕಿತ್ತಳೆ ಸುಲಿಯುತ್ತಿದ್ದಳು.

ಚೀಲದಿಂದ ಡಬ್ಬಿ, ಬಾಟಲಿ ಎರಡನ್ನೂ ತೆಗೆದುಕೊಂಡು ಹೋಗಿ ಆ ಮೇಜಿನ ಮೇಲೆ ಇಟ್ಟೆ. ಹತ್ತು ಹೆಜ್ಜೆ ಎಂದೆನಲ್ಲ, ಮಸಿಕುಡಿಕೆಯ ದಿನದಿಂದ ಈ ದಿನದವರೆಗಿನ ದೂರ ಅದರಲ್ಲಿ ಇತ್ತು.

"ಗಂಟೆಯ ಲೆಕ್ಕ ಬರೀಬೇಡಿ. ನಾನು ಮೂರು ದಿನ ಇದರಿಂದ ತಿಕ್ಕಿದೀನಿ. ರೇಣುಕಾ ಬೇಡ ಅಂದಿದ್ಲು. ನಾನೇ ಕೇಳಲಿಲ್ಲ" ಎಂದೆ.

ಯಾರೂ ಮಾತಾಡುವ ಮೊದಲೇ ಮಂಚದ ಮೇಲಿಂದ ಅತ್ತೆಯ ಧ್ವನಿ ಬಂತು, ಕಿಟಕಿಯ ಕಡೆ ತಿರುಗಿಕೊಂಡೇ. "ಅವಳನ್ನ ಬೈಬೇಡ್ರಿ. ಗಟ್ಟಿಯಾಗಿ ತಿಕ್ಕು ಅಂದಿದ್ದು ನಾನು."

ನಾಲ್ವರಲ್ಲಿ ಯಾರೋ ಒಬ್ಬಳು ಕಿಸಕ್ಕೆಂದಳು. ಇನ್‌ಚಾರ್ಜ್ ಸಿಸ್ಟರ್ ನಗಲಿಲ್ಲ. ಡಬ್ಬಿಯನ್ನು ಎತ್ತಿ ಮೂಸಿದರು. "ನಾನು ಕೆಲ್ಸಕ್ಕೆ ಸೇರಿದಾಗ ಹತ್ತು ವರ್ಷ ಇದನ್ನೇ ಮಾಡಿದ್ದು. ಬಿಡಿ ಅಂದಾಗ ಎಲ್ಲರಿಗಿಂತ ಜಾಸ್ತಿ ಜಗಳ ಆಡಿದ್ದೂ ನಾನೇ. ಇವರನ್ನ ಕೇಳಿ" ಎಂದರು. ಆಮೇಲೆ ರೇಣುಕಾಳ ಕಡೆ ತಿರುಗಿ, "ಸಹಿ ವಿಷಯ ಕೇಳಬಾರದಿತ್ತು ನಾನು" ಎಂದರು. ರೇಣುಕಾ ಪೆನ್ನಿನಿಂದ ಒಂದು ಸಾಲನ್ನು ನೀಟಾಗಿ ಹೊಡೆದುಹಾಕಿ ಅದರ ಕೆಳಗೆ ಬರೆಯತೊಡಗಿದಳು. ಹೊಡೆದ ಸಾಲು ಓದಲು ಬರುವಂತೆಯೇ ಇರಬೇಕಂತೆ. ಅಳಿಸಿದರೆ ಕಲಿತದ್ದೂ ಅಳಿಸಿ ಹೋಗುತ್ತದಂತೆ.

ಬರೆಯುತ್ತ ಅವಳು ಕೇಳಿದಳು. "ಯಾರು ಕಲಿಸಿದ್ದು ಆಂಟಿ ನಿಮಗಿದು?" ಹೇಳಿದೆ. ಸ್ಟೂಲು, ಟ್ರೇ, ನಾಲ್ಕು ಗಂಟೆ, ಹೊಳಲ್ಕೆರೆಯ ಮುದುಕಿ, ಎಲ್ಲ ಹೇಳಿದೆ. ಅವಳು ಪೆನ್ನು ನಿಲ್ಲಿಸಿ, "ತಿಕ್ಕಿ ಆದ್ಮೇಲೆ ನಿಮ್ ದೊಡ್ಡಮ್ಮ ವಾಪಸ್ ಅಂಗಾತ ಮಲಗಿಸ್ತಿದ್ರಾ?" ಎಂದಳು.

ಇಲ್ಲ, ಎಂದೆ. ಕಿಟಕಿ ನೋಡು ಎನ್ನುತ್ತಿದ್ದಳು, ದಿಂಬು ಕೊಡುತ್ತಿದ್ದಳು, ಆಮೇಲೆ ಬಂದು ಗೋಡೆಯ ಕಡೆ ತಿರುಗಿಸುತ್ತಿದ್ದಳು, ಎಂದು ನನ್ನ ಬಾಯಿ ಹೇಳುತ್ತಿದ್ದ ಹಾಗೆ ನನ್ನ ಕಿವಿ ಮೊದಲ ಸಲ ಅದನ್ನು ಕೇಳಿತು.

"ಮತ್ತೆ? ಅದೇ ಕೆಲ್ಸ ಮಾಡಿರೋದು ಆಂಟಿ. ತಿಕ್ಕೋ ನೆಪದಲ್ಲಿ ಮತ್ತೆ ಮತ್ತೆ ಹೊರಳಿಸ್ತಿದ್ರಲ್ಲ. ಹೆಸರು ಪೌಡರಿಗೆ ಬಂತು" ಎಂದು ಅವಳು ಮತ್ತೆ ಬರೆಯಲು ಬಾಗಿದಳು.

ಆ ಮಾತಿನಲ್ಲಿ ದೊಡ್ಡಮ್ಮ ಗೆದ್ದಳು, ನಾನು ಸೋತೆ. ನಿಮಗೆ ಇದೊಂದನ್ನು ಹೇಳದೆ ಮುಗಿಸಿದರೆ ನಾನೂ ಪರದೆ ಎಳೆದ ಹಾಗಾಗುತ್ತದೆ. ದೊಡ್ಡಮ್ಮ ತನ್ನ ಕೊನೆಯ ನಾಲ್ಕು ತಿಂಗಳನ್ನು ನಮ್ಮ ಮನೆಯಲ್ಲಿ, ಹೂಡಿಯ ಈ ಮನೆಯ ಹಿಂದಿನ ಕೋಣೆಯಲ್ಲಿ, ಮಾತು ನಿಂತು ಮಲಗಿ ಕಳೆದಳು. ದಿನಾ ಸಂಜೆ ನಾಲ್ಕಕ್ಕೆ ತಪ್ಪದೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕಿದೆ. ಊರಿಗೆಲ್ಲ ತಿಕ್ಕಿದ ಬೆನ್ನಿಗೆ ನಾನು ತಿಕ್ಕುತ್ತಿದ್ದೇನೆಂಬ ಸಾರ್ಥಕ್ಯದಲ್ಲಿ ಕಣ್ಣು ತುಂಬಿಕೊಂಡು ತಿಕ್ಕಿದೆ. ತಿಕ್ಕಿ, ಆರಾಮಾಗಿರಲಿ ಎಂದು ಮತ್ತೆ ಅಂಗಾತ ಮಲಗಿಸಿದೆ. ಬೆನ್ನು ಹುಣ್ಣಾಯಿತು. ಆಗುತ್ತದೆ, ವಯಸ್ಸು, ಎಂದರು ಎಲ್ಲರೂ, ನಾನೂ ಅಂದೆ. ಆ ಕೋಣೆಯಲ್ಲಿ ಒಂದು ಕಿಟಕಿ ಇದೆ. ಮಾತು ನಿಂತವಳು ದಿನವಿಡೀ ಕಣ್ಣನ್ನು ಅತ್ತ ಹೊರಳಿಸುತ್ತಿದ್ದಳು. ಬೆಳಕು ಚುಚ್ಚುತ್ತಿರಬೇಕೆಂದು ನಾನು ಪರದೆ ಎಳೆದು ಬರುತ್ತಿದ್ದೆ.

ಅವಳಿಂದ ನಾನು ಪೌಡರನ್ನು ಕಲಿತೆ, ಕಿಟಕಿಯನ್ನು ಕಲಿಯಲಿಲ್ಲ. ಹಿರಿಯರಿಂದ ನಾವು ಹಾಗೇ ಕಲಿಯುತ್ತೇವೇನೋ. ಕಣ್ಣಿಗೆ ಕಾಣುವುದನ್ನು, ಮೂಗಿಗೆ ಘಮಿಸುವುದನ್ನು ಎತ್ತಿಟ್ಟುಕೊಂಡು, ಅವರು ಲೆಕ್ಕಕ್ಕೇ ಇಡದೆ ಮಾಡುತ್ತಿದ್ದ ನಿಜವಾದ ಕೆಲಸವನ್ನು ಅಲ್ಲೇ ಬಿಟ್ಟು ಬರುತ್ತೇವೆ. ಅವಳಿಗೂ ಅದು ತಿಳಿದಿತ್ತೋ ಇಲ್ಲವೋ. ಆ ವಾರ್ಡಿನಲ್ಲಿ ಒಂದು ಯಾಕೆ ಪುಸ್ತಕ ಇದ್ದಿದ್ದರೆ, ಒಂದು ಬುಧವಾರ ಯಾರಾದರೂ ಅವಳನ್ನು ಕೂರಿಸಿ ಕೇಳಿದ್ದರೆ, ಸೆರಗನ್ನು ಸೊಂಟದಿಂದ ಬಿಚ್ಚಿಕೊಳ್ಳುತ್ತ, ಅದೇನ್ ಮಹಾ, ಒಂದೇ ಕಡೆ ಮಲಗಿದ್ರೆ ಬೇಜಾರಲ್ವಾ, ಎಂದು ಅಂದುಬಿಡುತ್ತಿದ್ದಳೇನೋ. ಯಾರೂ ಕೇಳಲಿಲ್ಲ. ನರ್ಸುಗಳನ್ನು ಆಗ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ತಪ್ಪಾದರೆ ಯಾರು ಎಂದು ಮಾತ್ರ ಕೇಳುತ್ತಿದ್ದರು. ಈಗಿನ ಈ ನೀಲಿ ಶರಟಿನ ಹುಡುಗಿಯರು ಬೆರಳೊತ್ತಿ ಮೂರು ಎಣಿಸುವುದನ್ನು ನೋಡುವಾಗ ನನಗೆ ಮೊದಮೊದಲು ಅನಿಸುತ್ತಿತ್ತು, ಮುಟ್ಟುವುದೂ ಪರೀಕ್ಷೆಯಾಯಿತಲ್ಲ ಎಂದು. ಅಂದು ಅನಿಸಿತು, ಇಷ್ಟು ಗಮನವಿಟ್ಟು ಮುಟ್ಟುವುದು ಪ್ರೀತಿಯಲ್ಲದೆ ಮತ್ತೇನು.

ನಾಲ್ಕು ಗಂಟೆಗೆ ಅತ್ತೆಯನ್ನು ತಿರುಗಿಸುವ ಹೊತ್ತಾಯಿತು. ರೇಣುಕಾ ಒಂದು ಕಡೆ, ನಾನೊಂದು ಕಡೆ ಹಾಸಿದ ಸೀರೆಯನ್ನು ಹಿಡಿದು, ಮೈ ಎಳೆಯದಂತೆ ಎತ್ತಿ, ಮಗ್ಗುಲು ಬದಲಿಸಿದೆವು. ಕಾಲುಗಳ ನಡುವೆ ದಿಂಬು, ಬೆನ್ನಿಗೊಂದು ದಿಂಬು. ಅತ್ತೆ, "ಪೌಡರ್ ಇಲ್ವಾ ಇವತ್ತು?" ಎಂದರು. ಇಲ್ಲ ಅತ್ತೆ, ಎಂದೆ. "ಈಗ ಸ್ವಲ್ಪ ಹೊತ್ತು ಗೋಡೆ ನೋಡಿ. ಆರಕ್ಕೆ ಕಿಟಕಿ ನೋಡುವಿರಂತೆ." ಮಾತು ಬಾಯಿಂದ ಬಂದ ಮೇಲೆ ಅದರ ಧ್ವನಿ ನನ್ನದಲ್ಲ ಎನಿಸಿ ಒಂದು ಕ್ಷಣ ಹಾಳೆಯ ಕಡೆ ಮುಖ ತಿರುಗಿಸಿಕೊಂಡೆ. ರೇಣುಕಾ ಸಹಿ ಮಾಡಿ, ಪೆನ್ನನ್ನು ನನ್ನ ಕೈಗಿತ್ತಳು. ಹಿಡಿದವರಿಬ್ಬರೂ ಸಹಿ ಮಾಡಲಿ ಎಂದು.

ಸಂಜೆ ಯಜಮಾನರು ಬಂದ ಮೇಲೆ ಮನೆಗೆ ಹೊರಟೆ. ಸ್ಪಿರಿಟ್ಟಿನ ಬಾಟಲಿಯನ್ನು ಅವರ ಮೇಜಿನ ಮೇಲೇ ಬಿಟ್ಟಿದ್ದೆ. ಡಬ್ಬಿ ಮಾತ್ರ ಚೀಲದಲ್ಲಿ, ಈ ಸಲ ಮಡಿಕೆಯೊಳಗಲ್ಲ, ಎಲ್ಲದರ ಮೇಲೆ ಇತ್ತು. ಎದುರುಮನೆಯ ಹೊಂಗೆ ಮರದ ಕೆಳಗೆ ಜಯಮ್ಮನವರ ಯಜಮಾನರೂ ಅವರ ಮೂವರು ಗೆಳೆಯರೂ ಎಂದಿನಂತೆ ಕೇರಂ ಬೋರ್ಡಿನ ಸುತ್ತ ಕುಳಿತು, ಕಾಯಿ ಜಾರುತ್ತಿಲ್ಲವೆಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಜಯಮ್ಮ ಹಾಲಿನ ಚೊಂಬನ್ನು ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದರು. ನಾನು ಡಬ್ಬಿಯನ್ನು ಅವರ ಕೈಗಿತ್ತು, "ಬೋರ್ಡಿಗೆ ಹಾಕಿಕೊಳ್ಳಲಿ ಜಯಮ್ಮ, ನಮಗೆ ಬೇಡವಾಯಿತು. ಮಲಗಿದವರ ಬೆನ್ನಿಗೆ ಪೌಡರ್ ಒಳ್ಳೆಯದಲ್ಲವಂತೆ" ಎಂದೆ.

ಅವರು ಮುಚ್ಚಳವನ್ನು ತಿರುವಿ, ಬೋರ್ಡಿನ ಮೇಲೆ ಧಾರಾಳವಾಗಿ ಉದುರಿಸಿದರು. ಸಂಜೆಯ ಗಾಳಿಗೆ ಆ ಘಮ ಎದ್ದು ಹೊಂಗೆಯ ಕೊಂಬೆಗಳವರೆಗೆ ಹೋಯಿತು. ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಹಾಲಿನ ಚೊಂಬನ್ನು ಮತ್ತೆ ಎತ್ತಿಕೊಂಡು, ಒಳಗೆ ಹೋಗುತ್ತಲೇ ಜಯಮ್ಮ ಅಂದರು:

"ನಮ್ಮತ್ತೆ ಎರಡ್ ವರ್ಸ ಮಲಗಿದ್ಲು, ನಾವೆಲ್ಲಿ ಪೌಡರ್ ಕಂಡಿದ್ವಿ ಸುಧಮ್ಮ. ದನಕ್ಕೆ ಮೇವು ಆಕಕ್ಕೆ ಬಂದಾಗೆಲ್ಲ ಅಂಗೇ ಮುದುಕೀನೂ ಒಂದ್ಸಲ ಆ ಮಗ್ಗುಲಿಗೊಂದ್ಸಲ ಈ ಮಗ್ಗುಲಿಗೆ ಮಾಡ್ಬುಟ್ಟು ಓಯ್ತಿದ್ದೆ. ಸಾಯೋಗಂಟ ಮೈಮ್ಯಾಗೆ ಒಂದ್ ಗಾಯ ಇರ್ಲಿಲ್ಲ."